ಒಂದು ಕಿಲೋ ಮಾಂಸ ತಿಂದಾದ್ಮೇಲೆ "ಊಟಕ್ಕೆ ಏನು ತರ್ಲಿ?" ಅಂತಾರೆ: ಕೊರಿಯನ್ ಬಾರ್ಬೆಕ್ಯೂ ಟೇಬಲ್ ಅರ್ಥ ಆಗೋದು ಹೇಗೆ

ದಕ್ಷಿಣ ಕೊರಿಯಾದ ಸುವೊನ್‌ಗೆ ಕೆಲಸಕ್ಕೆ ಬಂದು ಇನ್ನೂ ಎರಡು ವಾರ ಆಗಿರ್ಲಿಲ್ಲ, ಟೀಮ್‌ನವರು ರಾತ್ರಿ ಊಟಕ್ಕೆ ಅಂತ ಕರ್ಕೊಂಡು ಹೋದ್ರು, ಐದು ಜನ ಕೂತು ಒಂದು ಕಿಲೋಗೂ ಜಾಸ್ತಿ ಹಂದಿ ಮಾಂಸ ಸುಟ್ಕೊಂಡು ತಿಂದ್ವಿ, ಜೊತೆಗೆ ಸೊಪ್ಪು, ಕಿಮ್ಚಿ ಅನ್ನೋ ಖಾರ ಹಾಕಿ ಹುಳಿ ಬರಿಸಿದ ಎಲೆಕೋಸು, ಬೆಳ್ಳುಳ್ಳಿ, ಹೊಟ್ಟೆ ಬಿರಿಯೋ ಹಾಗಾಗಿತ್ತು. ಆಗ ಬಡಿಸೋ ಹೆಂಗಸು ಬಂದು "ಶಿಕ್ಸಾನುನ್ಯೊ?" ಅಂದ್ರು. ಪಕ್ಕದಲ್ಲಿದ್ದವನನ್ನ ಕೇಳಿದ್ರೆ "ಊಟಕ್ಕೆ ಏನು ತಗೋತೀರಾ ಅಂತ ಕೇಳ್ತಿದಾರೆ" ಅಂದ. ಅಲ್ಲಪ್ಪ, ಇಷ್ಟೊತ್ತು ಮಾಡಿದ್ದು ಏನು ಮತ್ತೆ?

ಆಮೇಲೆ ಯೋಚನೆ ಮಾಡಿದ್ರೆ ಇದು ನಮಗೆ ಅರ್ಥ ಆಗದೇ ಇರೋ ವಿಷಯ ಏನಲ್ಲ. ನಮ್ಮಜ್ಜಿಗೂ ಎಂಟು ಚಪಾತಿ ತಿಂದ್ರೂ ಅನ್ನ ತಿನ್ನದಿದ್ರೆ ಊಟ ಆದ ಲೆಕ್ಕ ಅಲ್ಲ. ಅಲ್ಲೂ ಅಷ್ಟೇ, ಅನ್ನ ಅಥವಾ ನೂಡಲ್ಸ್ ಬಂದ್ರೆ ಮಾತ್ರ ಅದು ಶಿಕ್ಸಾ, ಅಂದ್ರೆ ಊಟ. ಮಾಂಸ ಸುಡೋದು ಅದಕ್ಕಿಂತ ಮುಂಚೆ ನಡೆಯೋ ಬೇರೆದೇ ಒಂದು ಕಾರ್ಯಕ್ರಮ. ಇದು ಗೊತ್ತಿಲ್ದೆ ಹೋದವರೆಲ್ಲ ಮಾಡೋ ತಪ್ಪು ಒಂದೇ, ಮಾಂಸದ ಜೊತೆನೇ ಅನ್ನ ತರಿಸ್ಕೊಂಡು ಅರ್ಧದಲ್ಲೇ ಹೊಟ್ಟೆ ತುಂಬಿಸ್ಕೊಂಡು ಕೈಕಟ್ಟಿ ಕೂರೋದು. (ಅನ್ನ ಮೊದ್ಲೇ ಕೇಳಿದ್ರೆ ಕೊಡಲ್ಲ ಅಂತೇನಿಲ್ಲ, ಕೊಡ್ತಾರೆ, ಎಷ್ಟೋ ಕೊರಿಯನ್ನರೇ ಹಾಗೆ ತಿಂತಾರೆ. ಆದ್ರೆ ವಾಡಿಕೆ ಇದು.)

ಕೊರಿಯನ್ ಬಾರ್ಬೆಕ್ಯೂ ಅಂದ್ರೆ ಬೆಂಗಳೂರಲ್ಲಿ ಎಲ್ರೂ ಅಂದ್ಕೊಳೋದು ಟೇಬಲ್ ಮೇಲೆ ಗ್ರಿಲ್ ಇರೋ ಬಫೆ ಅಂತ. ಅನ್‌ಲಿಮಿಟೆಡ್ ಅಂಗಡಿಗಳು ಅಲ್ಲೂ ಇವೆ, ಮುಹಾನ್ ರಿಪಿಲ್ ಅಂತಾರೆ, ಕಾಲೇಜು ಹುಡುಗರು ಹೋಗ್ತಾರೆ, ತಟ್ಟೆಯಲ್ಲಿ ಬಿಟ್ರೆ ದಂಡ ಅಂತ ಬೋರ್ಡ್ ಕೂಡ ಹಾಕಿರ್ತಾರೆ. ಆದ್ರೆ ಮಾಮೂಲಿ ಅಂಗಡಿ ಹಾಗಲ್ಲ, ಅಲ್ಲಿ ಮಾಂಸಕ್ಕೆ ತೂಕದ ಲೆಕ್ಕ, ಸುತ್ತ ಬರೋ ಸೊಪ್ಪು ಕಿಮ್ಚಿ ಬಟ್ಟಲುಗಳೆಲ್ಲ ಫ್ರೀ. ಲೆಕ್ಕದ ಹೆಸರು ಇನ್‌ಬುನ್, "ಒಬ್ಬರ ಪಾಲು" ಅಂತ ಅರ್ಥ, ಸಾಮಾನ್ಯವಾಗಿ 150ರಿಂದ 200 ಗ್ರಾಂ. ಒಬ್ಬರ ಪಾಲು ಅಂತ ಹೆಸರಿಗಷ್ಟೇ, ಬಹಳಷ್ಟು ಕಡೆ ಎರಡು ಇನ್‌ಬುನ್‌ಗಿಂತ ಕಮ್ಮಿ ಆರ್ಡರ್ ತಗೊಳ್ಳೋದೇ ಇಲ್ಲ, ಯಾಕಂದ್ರೆ ಒಬ್ಬನಿಗೋಸ್ಕರ ಕೆಂಡ ತಂದು ಹತ್ತು ಬಟ್ಟಲು ಜೋಡ್ಸಿ ಒಂದು ಟೇಬಲ್ ಹಿಡಿದಿಟ್ರೆ ಅವರಿಗೆ ಗಿಟ್ಟಲ್ಲ. ಒಬ್ಬನೇ ಹೋಗಿ ಮಾಂಸ ಸುಟ್ಕೊಂಡು ತಿನ್ನೋದು ಅಂದ್ರೆ ಒಂಟಿ ಊಟದಲ್ಲಿ ಕಟ್ಟಕಡೆಯ ಲೆವೆಲ್ ಅಂತ ಅಲ್ಲಿಯವರೇ ಜೋಕ್ ಮಾಡ್ತಾರೆ. ರೇಟ್ ಬಗ್ಗೆ ಹೇಳಬೇಕಂದ್ರೆ ಸಿಯೋಲ್‌ನಲ್ಲಿ 2024ರ ಹೊತ್ತಿಗೆ 200 ಗ್ರಾಂ ಸಮ್‌ಗ್ಯೊಪ್‌ಸಾಲ್‌ಗೆ ಸರಾಸರಿ 20,000 ವಾನ್ ಆಗಿತ್ತು, ನಮ್ಮ ದುಡ್ಡಲ್ಲಿ 1,200 ರೂಪಾಯಿ ಆಸುಪಾಸು. ಟಿಪ್ಸ್ ಕೊಡೋ ಪದ್ಧತಿ ಇಲ್ಲ, ಅದೊಂದು ಸಮಾಧಾನ.

ಈಗ ಈ ಸಮ್‌ಗ್ಯೊಪ್‌ಸಾಲ್ ಅಂದ್ರೆ ಏನು ಅಂತ ನೋಡಣ, ಯಾಕಂದ್ರೆ ಟೇಬಲ್ ಮೇಲಿರೋ ಪ್ರತಿಯೊಂದು ಬಟ್ಟಲಿಗೂ ಉತ್ತರ ಅದರಲ್ಲಿದೆ. "ಸಮ್" ಅಂದ್ರೆ ಮೂರು, "ಗ್ಯೊಪ್" ಅಂದ್ರೆ ಪದರ, "ಸಾಲ್" ಅಂದ್ರೆ ಮಾಂಸ. ಹಂದಿಯ ಹೊಟ್ಟೆ ಭಾಗ, ಕೊಬ್ಬು, ಮಾಂಸ, ಮತ್ತೆ ಕೊಬ್ಬು, ಹೀಗೆ ಪಟ್ಟಿ ಪಟ್ಟಿಯಾಗಿ ಕಾಣತ್ತೆ. ಮಾರ್ಚ್ 3ನೇ ತಾರೀಖು, ಅಂದ್ರೆ ಮೂರರ ಮುಂದೆ ಮೂರು ಬರೋ ದಿನ, ಅದಕ್ಕಂತಲೇ ಸಮ್‌ಗ್ಯೊಪ್‌ಸಾಲ್ ಡೇ ಮಾಡ್ಕೊಂಡಿದಾರೆ, ಸೂಪರ್ ಮಾರ್ಕೆಟ್‌ನಲ್ಲಿ ಆವತ್ತು ಡಿಸ್ಕೌಂಟ್‌ಗೆ ಕ್ಯೂ. ಉಪ್ಪಿಲ್ಲ ಮಸಾಲೆ ಇಲ್ಲ, ಹಸಿ ಮಾಂಸ ಹಾಗೇ ಬರತ್ತೆ. ನೋಡಿದವರಿಗೆ ಸಾವಿರಾರು ವರ್ಷದ ಪದ್ಧತಿ ಅನ್ಸತ್ತೆ, ಆದ್ರೆ ಹಂದಿ ಹೊಟ್ಟೆ ಹೀಗೆ ಮನೆಮಾತಾಗಿದ್ದು 1970–80ರ ಈಚೆಗೆ, ಹಂದಿ ಸಾಕಣೆ ದೊಡ್ಡ ಮಟ್ಟದಲ್ಲಿ ಶುರುವಾಗಿ ಜನರ ಕೈಯಲ್ಲಿ ನಾಕು ಕಾಸು ಓಡಾಡೋಕೆ ಶುರುವಾದ ಮೇಲೆ.

ಇಷ್ಟು ಕೊಬ್ಬಿರೋ ಮಾಂಸನ ಬರೀ ಹಾಗೇ ತಿಂದ್ರೆ ಐದನೇ ತುಂಡಿಗೆ ಬಾಯಿ ಕಟ್ಟಿಹೋಗತ್ತೆ. ನನ್ನ ಲೆಕ್ಕದಲ್ಲಿ ಇಡೀ ಟೇಬಲ್ ಇರೋದು ಈ ಒಂದು ಸಮಸ್ಯೆ ಬಗೆಹರಿಸೋಕೆ. ಸುತ್ತ ಇಟ್ಟಿರೋ ಬಟ್ಟಲುಗಳಿಗೆ ಬಾಂಚಾನ್ ಅಂತಾರೆ, ಅದರಲ್ಲಿ ಏನಿರತ್ತೆ ನೋಡಿ: ಹುಳಿ ಬಂದಿರೋ ಕಿಮ್ಚಿ, ವಿನೆಗರ್‌ನಲ್ಲಿ ನೆನೆಸಿ ಹಪ್ಪಳದಷ್ಟು ತೆಳ್ಳಗೆ ಹೆಚ್ಚಿರೋ ಮೂಲಂಗಿ, ಖಾರದಪುಡಿ ವಿನೆಗರ್ ಹಾಕಿ ಕಲಸಿರೋ ಈರುಳ್ಳಿ ಸೊಪ್ಪು, ಸೋಯಾ ಕಾಳಿನ ಮೊಳಕೆ, ಹಸಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ. ಎಲ್ಲಾ ಹುಳಿ, ಖಾರ, ಕರಕರ. ಕೊಡಗಿನ ಪಂದಿ ಕರಿಗೆ ಕಾಚಂಪುಳಿ ಯಾಕೆ ಹಾಕ್ತಾರೆ ಹೇಳಿ, ಅದೇ ಕಾರಣ, ಹಂದಿ ಕೊಬ್ಬಿಗೆ ಹುಳಿ ಬೇಕು. ಕೊಡವರು ಹುಳಿನ ಪಾತ್ರೆ ಒಳಗೇ ಹಾಕಿ ಬೇಯಿಸ್ತಾರೆ, ಕೊರಿಯನ್ನರು ಅದನ್ನ ಹೊರಗಿಟ್ಟು ಪ್ರತಿ ತುತ್ತಿಗೂ ನೀನೇ ಹಾಕ್ಕೋ ಅಂತ ಬಿಡ್ತಾರೆ, ವ್ಯತ್ಯಾಸ ಅಷ್ಟೇ. ಬಾಂಚಾನ್ ಖಾಲಿಯಾದ್ರೆ ಮತ್ತೆ ಕೇಳಬಹುದು, ದುಡ್ಡಿಲ್ಲ, ಕೆಲವು ಕಡೆ ಮೂಲೆಯಲ್ಲಿ ಸೆಲ್ಫ್ ಬಾರ್ ಅಂತ ಇಟ್ಟಿರ್ತಾರೆ, ಎದ್ದು ಹೋಗಿ ತುಂಬಿಸ್ಕೊಂಡು ಬರೋದು.

ತುತ್ತು ಕಟ್ಟೋದಕ್ಕೆ ಸ್ಸಾಮ್ ಅಂತಾರೆ, ಸುತ್ತೋದು ಅಂತ. ಅಂಗೈ ಮೇಲೆ ಒಂದು ಲೆಟ್ಯೂಸ್ ಎಲೆ, ಅದರ ಮೇಲೆ ಒಂದು ಕ್ಕೆನ್ನಿಪ್ ಎಲೆ. ಈ ಕ್ಕೆನ್ನಿಪ್‌ನ ಇಂಗ್ಲಿಷ್ ಮೆನುಗಳಲ್ಲಿ ಎಳ್ಳಿನ ಎಲೆ ಅಂತ ಬರೆದಿರ್ತಾರೆ, ಅದು ಎಳ್ಳಿನ ಗಿಡದ್ದಲ್ಲ, ತುಳಸಿ ಪುದೀನ ಇರೋ ಕುಟುಂಬದ್ದು, ಮೊದಲ ಸಲ ತಿಂದಾಗ ಏನೋ ಔಷಧಿ ವಾಸನೆ ಅನ್ನಿಸಿ ಪಕ್ಕಕ್ಕಿಟ್ಟಿದ್ದೆ, ಈಗ ಅದಿಲ್ದೆ ತುತ್ತು ಇಳಿಯಲ್ಲ. ಎಲೆ ಮೇಲೆ ಒಂದು ತುಂಡು ಮಾಂಸ, ಅದನ್ನ ಉಪ್ಪು ಹಾಕಿದ ಎಳ್ಳೆಣ್ಣೆಗೆ ಅದ್ದಿರಬೇಕು, ಆಮೇಲೆ ಬೆರಳತುದಿಯಷ್ಟು ಸ್ಸಾಮ್‌ಜಾಂಗ್, ಅದು ಹುದುಗಿಸಿದ ಸೋಯಾ ಪೇಸ್ಟ್‌ಗೆ ಖಾರದ ಪೇಸ್ಟ್ ಬೆರೆಸಿ ಮಾಡೋ ಚಟ್ನಿ ಥರದ್ದು, ಬೆಳ್ಳುಳ್ಳಿ ಒಂದು ಚೂರು, ಈರುಳ್ಳಿ ಸೊಪ್ಪು ಸ್ವಲ್ಪ. ನಾಲ್ಕೂ ಕಡೆಯಿಂದ ಬೀಡ ಮಡಚೋ ಹಾಗೆ ಮಡಚಿ ಇಡಿಯಾಗಿ ಬಾಯಿಗೆ. ಇಡಿಯಾಗಿ! ನಾನು ಮರ್ಯಾದಸ್ಥನ ಥರ ಅರ್ಧ ಕಚ್ಚೋಕೆ ಹೋಗಿ ಎಲೆ ಹರಿದು ಸ್ಸಾಮ್‌ಜಾಂಗ್ ಎಲ್ಲಾ ಶರ್ಟ್ ಮೇಲೆ ಬಿತ್ತು. ಬೀಡನ ಯಾರಾದ್ರೂ ಎರಡು ಸಲ ಕಚ್ಚಿ ತಿಂತಾರಾ, ಇದೂ ಹಾಗೇ, ಒಂದು ನಿಮಿಷ ಮಾತಾಡೋಕಾಗಲ್ಲ, ಕೆನ್ನೆ ಉಬ್ಬಿರತ್ತೆ, ಎದುರಿಗಿರೋ ಮ್ಯಾನೇಜರ್‌ದೂ ಅದೇ ಕಥೆ, ಯಾರೂ ಬೇಜಾರು ಮಾಡ್ಕೊಳಲ್ಲ. ಜಾಸ್ತಿ ಪ್ರೀತಿ ಇದ್ರೆ ತಾವೇ ಸ್ಸಾಮ್ ಕಟ್ಟಿ ಇನ್ನೊಬ್ರ ಬಾಯಿಗಿಡ್ತಾರೆ, ನಮ್ಮ ಮದುವೆ ಮನೆಯಲ್ಲಿ ಬೀಗರಿಗೆ ಸಿಹಿ ತಿನ್ನಿಸೋ ಹಾಗೆ.

ಇನ್ನು ಬೆಂಕಿ ವಿಷಯ. ಇದು ನನಗೆ ಬಹಳ ಇಷ್ಟವಾದ ಭಾಗ, ಸ್ವಲ್ಪ ಉದ್ದ ಆದ್ರೆ ತಡ್ಕೊಳಿ.

ಬೆಂಕಿ ಮುಖ್ಯವಾಗಿ ಎರಡು ಥರ. ಒಂದು ಸುಟ್‌ಬುಲ್, ಇದ್ದಿಲ ಕೆಂಡ, ಮೇಲೆ ಕಬ್ಬಿಣದ ಜಾಲರಿ. ಇನ್ನೊಂದು ಗ್ಯಾಸ್ ಮೇಲೆ ದಪ್ಪ ಕಬ್ಬಿಣದ ಕಾವಲಿ, ಕೆಲವು ಕಡೆ ಹಳೇ ಕಾಲದ ದೊಡ್ಡ ಹಂಡೆ ಮುಚ್ಚಳನ ಬೋರಲು ಹಾಕಿದ ಆಕಾರದಲ್ಲಿರತ್ತೆ. ಕೆಂಡದ ಮೇಲೆ ಕೊಬ್ಬು ತೊಟ್ಟಿಕ್ಕಿದ್ರೆ ಭಗ್ ಅಂತ ಉರಿ ಏಳತ್ತೆ, ಹೊಗೆ ಬರತ್ತೆ, ಆ ಹೊಗೆ ವಾಸನೆಗೇ ಜನ ಬರೋದು ನಿಜ ಆದ್ರೆ ಸಮ್‌ಗ್ಯೊಪ್‌ಸಾಲ್‌ನಷ್ಟು ಕೊಬ್ಬಿರೋದನ್ನ ಕೆಂಡದ ಮೇಲೆ ಸುಡೋಕೆ ಪಳಗಿದ ಕೈ ಬೇಕು. ಕಾವಲಿ ಆದ್ರೆ ಸುಲಭ, ಅದನ್ನ ಬೇಕಂತಲೇ ಒಂದು ಕಡೆಗೆ ಇಳಿಜಾರಾಗಿ ಇಟ್ಟಿರ್ತಾರೆ, ಕರಗಿದ ಕೊಬ್ಬು ಹರ್ಕೊಂಡು ಹೋಗಿ ತೂತಿಂದ ಕೆಳಗಿನ ಡಬ್ಬಕ್ಕೆ ಬೀಳತ್ತೆ. ಗಮನಿಸಿ ನೋಡಿ, ತಿಳಿದವರು ಕಿಮ್ಚಿನ ಯಾವಾಗ್ಲೂ ಆ ಇಳಿಜಾರಿನ ಕೆಳ ತುದಿಯಲ್ಲಿ ಹರಡ್ತಾರೆ. ಮೇಲೆ ಮಾಂಸ, ನಡುವೆ ಬೆಳ್ಳುಳ್ಳಿ, ಕೆಳಗೆ ಕಿಮ್ಚಿ, ಹರ್ಕೊಂಡು ಬರೋ ಕೊಬ್ಬಲ್ಲಿ ಕಿಮ್ಚಿ ಚುರುಚುರು ಅಂತ ಹುರಿಯತ್ತೆ, ಅಂಚು ಕಂದುಬಣ್ಣಕ್ಕೆ ತಿರುಗಿ ಹುಳಿ ಸ್ವಲ್ಪ ಇಳಿದು ಸಿಹಿ ಏರತ್ತೆ. ಮಾಂಸಕ್ಕಿಂತ ಮೊದ್ಲು ಅದೇ ಖಾಲಿ ಆಗೋದು.

ಮಾಂಸ ಉದ್ದ ಪಟ್ಟಿಯಾಗಿ ಬರತ್ತೆ, ಹಾಗೇ ಹಾಕ್ಬೇಕು, ಮೊದಲೇ ಚೂರು ಮಾಡಬಾರದು. ಮಾಂಸ ಕೆಂಪಗಾಗಿ ಆ ಸುಟ್ಟ ರುಚಿ ಬರಬೇಕಂದ್ರೆ ಮೇಲ್ಮೈ 140 ಡಿಗ್ರಿ ದಾಟಬೇಕು, ಆದ್ರೆ ಮೇಲೆ ನೀರಿನಂಶ ಇರೋವರೆಗೂ ಅದು 100ರ ಹತ್ರನೇ ನಿಂತಿರತ್ತೆ, ನೀರು ಆರಬೇಕು, ಆಮೇಲೆ ಬಣ್ಣ. ಅದಕ್ಕೇ ಕಾವಲಿ ಚೆನ್ನಾಗಿ ಕಾಯೋ ಮುಂಚೆ ಹಾಕಿದ್ರೂ, ಹಸಿವಾಗಿದೆ ಅಂತ ಒಂದೇ ಸಲ ಇದ್ದಬದ್ದ ಮಾಂಸ ಎಲ್ಲಾ ಸುರಿದ್ರೂ ಅದು ನೀರು ಬಿಟ್ಕೊಂಡು ಬೂದುಬಣ್ಣದಲ್ಲಿ ಬೇಯತ್ತೆ ಹೊರತು ಸುಡಲ್ಲ. ಒಂದು ಕಡೆ ಕೆಂಪಗಾದ್ಮೇಲೆ ತಿರುವಿ ಹಾಕಿ, ಇನ್ನೊಂದು ಕಡೆನೂ ಬಣ್ಣ ಬಂದ್ಮೇಲೆ ಇಕ್ಕಳದಲ್ಲಿ ಎತ್ತಿ ಹಿಡ್ಕೊಂಡು ಕತ್ತರಿಯಲ್ಲಿ ಕತ್ತರಿಸೋದು. ಹೌದು, ಕತ್ತರಿ, ದರ್ಜಿ ಅಂಗಡಿಯದೇನೋ ಅನ್ನೋ ಅಷ್ಟು ದೊಡ್ಡದು. ಟೇಬಲ್ ಮೇಲೆ ಚಾಕು ಇರಲ್ಲ, ತಿನ್ನೋದು ಚಾಪ್‌ಸ್ಟಿಕ್ಸ್‌ನಲ್ಲಿ, ಹಾಗಾಗಿ ತುತ್ತಿನ ಸೈಜಿಗೆ ಅಲ್ಲೇ ಒಲೆ ಮೇಲೇ ಕತ್ತರಿಸ್ಕೋಬೇಕು, ಕತ್ತರಿಸಿದ ಮೇಲೆ ಬದಿಗಳನ್ನೂ ಒಂದೊಂದು ನಿಮಿಷ ಸುಟ್ರೆ ಮುಗೀತು. ಒಂದೇ ಸಲ ತಿರುವಬೇಕು, ಪದೇಪದೇ ತಿರುವಬಾರದು ಅಂತ ವಾದ ಮಾಡೋರು ಪ್ರತಿ ಟೇಬಲ್‌ಗೆ ಒಬ್ರು ಇರ್ತಾರೆ, ನನಗೇನೋ ಎರಡು ಮೂರು ಸಲ ತಿರುವಿದ್ರೆ ಏನೂ ಮುಳುಗಿಹೋಗಿದ್ದು ಕಾಣಲಿಲ್ಲ. ಇಕ್ಕಳದ ವಿಷಯ ಮಾತ್ರ ಹುಷಾರು, ಹಸಿ ಹಂದಿ ಮಾಂಸ ಹಿಡಿದ ಇಕ್ಕಳದಲ್ಲೇ ಬೆಂದಿದ್ದನ್ನ ತಟ್ಟೆಗೆ ಹಾಕ್ಕೋಬೇಡಿ, ಇನ್ನೊಂದು ಕೇಳಿ.

ಮಸಾಲೆ ಹಾಕಿದ್ದು ಬಂದ್ರೆ ಆಟ ಬೇರೆ. ಗಾಲ್ಬಿ ಅಂದ್ರೆ ಪಕ್ಕೆಲುಬು, ಅದನ್ನ ಸೋಯಾ ಸಾಸ್, ಸಕ್ಕರೆ, ಬೆಳ್ಳುಳ್ಳಿ, ಎಳ್ಳೆಣ್ಣೆ, ಜೊತೆಗೆ ತುರಿದ ಪೇರ್ ಹಣ್ಣಲ್ಲಿ ನೆನೆಸಿಡ್ತಾರೆ. ಪೇರ್ ಹಣ್ಣು ಸಿಹಿಗೆ ಮಾತ್ರ ಅಲ್ಲ, ಮಾಂಸ ಮೆತ್ತಗಾಗೋಕೂ, ನಮ್ಮ ಕಡೆ ಮಟನ್ ಬೇಗ ಬೇಯ್ಲಿ ಅಂತ ಪರಂಗಿಕಾಯಿ ಅರೆದು ಹಾಕಲ್ವಾ, ಅದೇ ಉಪಾಯ. ಈ ಸಕ್ಕರೆ ಇರೋದ್ರಿಂದ ಬೇಗ ಕರಕಲಾಗತ್ತೆ. ನನಗೆ ಇದು ಗೊತ್ತಾಗಿದ್ದು ಕೆಟ್ಟ ರೀತಿಯಲ್ಲಿ: ನಾಲ್ಕು ಜನ ಫ್ರೆಂಡ್ಸ್‌ನ ಕರ್ಕೊಂಡು ಹೋಗಿ ನಾನೇ ದೊಡ್ಡ ಎಕ್ಸ್‌ಪರ್ಟ್ ಥರ ಇಕ್ಕಳ ಹಿಡಿದು ಗಾಲ್ಬಿನ ಧಗಧಗ ಕೆಂಡದ ನಡುಮಧ್ಯ ಹಾಕಿ ಮಾತಾಡ್ತಾ ಕೂತೆ, ಸಮ್‌ಗ್ಯೊಪ್‌ಸಾಲ್ ಥರ ಒಂದು ಕಡೆ ಚೆನ್ನಾಗಿ ಕೆಂಪಗಾಗ್ಲಿ ಅಂತ, ಎರಡೇ ನಿಮಿಷಕ್ಕೆ ಹೊರಗೆ ಇದ್ದಿಲು ಒಳಗೆ ಹಸಿ. ಅಂಗಡಿಯ ಹೆಂಗಸು ದೂರದಿಂದ ನೋಡಿ ಓಡ್ಬಂದು ಒಂದು ಮಾತೂ ಆಡದೆ ನನ್ನ ಕೈಯಿಂದ ಇಕ್ಕಳ ಕಿತ್ಕೊಂಡ್ರು, ಮಾಂಸ ಎಲ್ಲಾ ಅಂಚಿಗೆ ಸರಿಸಿ ದೋಸೆ ಹಾಕೋರ ಥರ ಪಟಪಟ ತಿರುವ್ತಾ ಹೋದ್ರು, ಆಮೇಲೆ ಇಡೀ ಊಟ ಮುಗಿಯೋವರೆಗೂ ಇಕ್ಕಳ ವಾಪಸ್ ಕೊಡಲಿಲ್ಲ.

ಇದರಿಂದಲೇ ಆರ್ಡರ್ ಮಾಡೋ ಕ್ರಮನೂ ಬರತ್ತೆ. ಮೊದಲು ಮಸಾಲೆ ಇಲ್ಲದ್ದು, ಆಮೇಲೆ ಮಸಾಲೆಯದ್ದು. ಸಿಹಿ ಮಸಾಲೆ ತಿಂದ ನಾಲಿಗೆಗೆ ಆಮೇಲೆ ಬರೀ ಉಪ್ಪಿನ ಮಾಂಸ ಸಪ್ಪೆ, ಜೊತೆಗೆ ಜಾಲರಿಗೆ ಸಕ್ಕರೆ ಅಂಟಿ ಕಪ್ಪಗಾಗಿರತ್ತೆ. ಕಪ್ಪಗಾದ್ರೆ "ಪಾನ್ ಕರಾ ಜುಸೆಯೊ" ಅನ್ನಿ, ಹೊಸ ಜಾಲರಿ ತಂದು ಹಾಕ್ತಾರೆ, ಇದಕ್ಕೆ ಸಂಕೋಚ ಪಡಬೇಕಾಗಿಲ್ಲ, ಎರಡು ಮೂರು ಸಲ ಬದಲಾಯಿಸೋದು ಮಾಮೂಲು. ಕರೆಯೋದು ಹೇಗೆ ಅಂದ್ರೆ ಟೇಬಲ್‌ಗೆ ಬೆಲ್ ಇರತ್ತೆ, ಇಲ್ಲಾಂದ್ರೆ "ಯೊಗಿಯೊ!" ಅಂತ ಕೂಗೋದು, "ಇಲ್ಲಿ ನೋಡಿ" ಅನ್ನೋ ಹಾಗೆ. ಸ್ವಲ್ಪ ವಯಸ್ಸಾದ ಹೆಂಗಸಾದ್ರೆ "ಇಮೊ" ಅಂತಾರೆ, ಇಮೊ ಅಂದ್ರೆ ಅಮ್ಮನ ಅಕ್ಕ ಅಥವಾ ತಂಗಿ, ನಮ್ಮ ದೊಡ್ಡಮ್ಮ ಚಿಕ್ಕಮ್ಮ ಎರಡಕ್ಕೂ ಅದೊಂದೇ ಪದ. ಗುರುತಿಲ್ಲದ ಆಟೋದವರನ್ನ ಅಣ್ಣಾ ಅನ್ನೋ ನಮಗೆ ಇದನ್ನ ಯಾರೂ ಹೇಳ್ಕೊಡಬೇಕಾಗಿಲ್ಲ.

ಸುವೊನ್ ಅಂದ್ರೆ ಗಾಲ್ಬಿ ಊರು, ವಾಂಗ್‌ಗಾಲ್ಬಿ ಅಂತ ಅಂಗೈಗಿಂತ ದೊಡ್ಡ ಮೂಳೆ ಸಮೇತ ಬರತ್ತೆ, ಹಳೇ ಅಂಗಡಿಗಳಲ್ಲಿ ಸೋಯಾ ಬದಲು ಉಪ್ಪಲ್ಲೇ ಹದ ಮಾಡೋದು ಇಲ್ಲಿನ ವಿಶೇಷ. ರಾಜ ಜೊಂಗ್‌ಜೊ 1794ರಿಂದ 1796ರವರೆಗೆ ಇಲ್ಲಿ ಹ್ವಾಸೊಂಗ್ ಕೋಟೆ ಕಟ್ಟಿಸ್ದ, ಅದರ ಸುತ್ತ ಬೇಸಾಯ ಬೆಳೀತು, ಬೇಸಾಯಕ್ಕೆ ಎತ್ತು, ಎತ್ತಿಗೆ ಸಂತೆ, ದೊಡ್ಡ ದನದ ಸಂತೆ ಇದ್ದ ಊರಲ್ಲಿ ಗಾಲ್ಬಿ ಬರೋದೇನು ಆಶ್ಚರ್ಯ ಅಂತ ಊರಿನವರು ಹೇಳ್ತಾರೆ. ಇನ್ನೊಂದು ತಮಾಷೆ ಏನಂದ್ರೆ ಅದೇ ಜೊಂಗ್‌ಜೊನ ವಂಶದ, ಅಂದ್ರೆ ಜೊಸೊನ್ ರಾಜರ ಕಾಲದಲ್ಲಿ ಉಳೋ ಎತ್ತು ಉಳೀಬೇಕು ಅಂತ ದನ ಕಡಿಯೋದನ್ನ ಮತ್ತೆ ಮತ್ತೆ ನಿಷೇಧ ಮಾಡ್ತಿದ್ರು, ಅರಮನೆ ಸಿರಿವಂತರ ಮನೆಗಳಲ್ಲಿ ಮಾತ್ರ ತೆಳ್ಳಗೆ ಹೆಚ್ಚಿ ಮಸಾಲೆ ಹಾಕಿ ಸುಡೋ ನೊಬಿಯಾನಿ ನಡೀತಾನೇ ಇತ್ತು. ಈಗಲೂ ದೇಸಿ ತಳಿ ಹನು ದನದ ಮಾಂಸ ಅಂದ್ರೆ ದುಬಾರಿ, 1++ ಅಂತ ಮೇಲಿನ ಗ್ರೇಡ್‌ನಿಂದ 3ರವರೆಗೆ ಗ್ರೇಡ್ ಇದೆ, ಯಾರಾದ್ರೂ ಹನು ಕೊಡಿಸ್ತೀನಿ ಅಂದ್ರೆ ಅವರಿಗೆ ನಿಮ್ಮಿಂದ ಏನೋ ಆಗಬೇಕಿದೆ ಅಂತ ಅರ್ಥ.

ಇಲ್ಲೇ ನಮ್ಮವರಿಗೆ ಹೇಳಲೇಬೇಕಾದ ಮಾತು. ಮೆನುನಲ್ಲಿ ಬರೀ ಗಾಲ್ಬಿ ಅಂತಿದ್ರೆ ಅದು ದನದ್ದೋ ಹಂದಿಯದ್ದೋ ಗೊತ್ತಾಗಲ್ಲ. ಸೊ ಅಂದ್ರೆ ದನ, ತ್ವೇಜಿ ಅಂದ್ರೆ ಹಂದಿ, ತಾಕ್ ಅಂದ್ರೆ ಕೋಳಿ, ಓರಿ ಅಂದ್ರೆ ಬಾತುಕೋಳಿ, ಗೋಗಿ ಅಂದ್ರೆ ಮಾಂಸ. ಸೊ-ಗಾಲ್ಬಿ, ತ್ವೇಜಿ-ಗಾಲ್ಬಿ ಅಂತ ಕೇಳಿ ಖಾತ್ರಿ ಮಾಡ್ಕೊಳಿ. ಬುಲ್ಗೋಗಿ ಅಂದ್ರೆ "ಬೆಂಕಿ ಮಾಂಸ" ಅಂತಷ್ಟೇ, ಆದ್ರೆ ಏನೂ ಹೇಳದಿದ್ರೆ ಸಾಮಾನ್ಯವಾಗಿ ಅದು ದನದ್ದೇ. ಗೋಡೆ ಮೇಲೆ ಯಾವ ಮಾಂಸ ಯಾವ ದೇಶದ್ದು ಅಂತ ಪಟ್ಟಿ ಹಾಕಿರ್ತಾರೆ, ಹಾಕಲೇಬೇಕು, ಅದನ್ನ ಫೋನ್‌ನಲ್ಲಿ ಟ್ರಾನ್ಸ್‌ಲೇಟ್ ಮಾಡಿದ್ರೂ ಗೊತ್ತಾಗತ್ತೆ.

ಸಸ್ಯಾಹಾರಿಗಳ ಕಥೆ ಮಾತ್ರ ಕಷ್ಟ, ಸುಮ್ನೆ ಆಸೆ ಹುಟ್ಟಿಸಲ್ಲ. ನಮ್ಮ ಟೀಮ್‌ಗೆ ಬಂದ ಶಿರಸಿ ಹುಡುಗ ಒಬ್ಬ "ಕಿಮ್ಚಿ ಅನ್ನ ತಿಂತೀನಿ ಬಿಡಿ" ಅಂದ, ಕಿಮ್ಚಿಗೆ ಮೀನಿನ ಸಾಸೋ ಉಪ್ಪಲ್ಲಿ ಹುದುಗಿಸಿದ ಸಿಗಡಿನೋ ಹಾಕ್ತಾರೆ ಅಂತ ಹೇಳಿದ್ಮೇಲೆ ಮುಖ ಬಾಡಿಹೋಯ್ತು. ಸೋಯಾ ಪೇಸ್ಟಿನ ಸಾರು ದೊಯೆನ್‌ಜಾಂಗ್ ಚಿಗೆ ನೋಡೋಕೆ ತರಕಾರಿ ಸಾರೇ, ತೋಫು, ಕುಂಬಳಕಾಯಿ ಥರದ ತರಕಾರಿ ಎಲ್ಲಾ ಇರತ್ತೆ, ಆದ್ರೆ ತಳದಲ್ಲಿ ಒಣಮೀನು ಕುದಿಸಿದ ನೀರು. ಕೊನೆಗೆ ಅವನಿಗೆ ಸಿಕ್ಕಿದ್ದು ಫಾಯಿಲ್ ಬಟ್ಟಲಲ್ಲಿ ಎಳ್ಳೆಣ್ಣೆ ಹಾಕಿ ಕೆಂಡದ ಮೂಲೆಯಲ್ಲಿಟ್ಟ ಬೆಳ್ಳುಳ್ಳಿ, ಅಣಬೆ, ಲೆಟ್ಯೂಸ್, ಅನ್ನ. ಬೆಳ್ಳುಳ್ಳಿ ಆ ಎಣ್ಣೆಯಲ್ಲಿ ಹತ್ತು ನಿಮಿಷ ಬೆಂದ್ರೆ ಬೆಣ್ಣೆ ಥರ ಆಗತ್ತೆ, ಅನ್ನದ ಜೊತೆ ಎಲೆಯಲ್ಲಿ ಸುತ್ತಿ ತಿಂದ, ಬೈಕೊಳ್ಳಲಿಲ್ಲ. ಪಕ್ಕದ ಒಲೆಯಲ್ಲೇ ಮಾಂಸ ಸುಡೋದನ್ನ ನೋಡೋಕಾಗದವರು ಮಾತ್ರ ಬರದೇ ಇರೋದೇ ಒಳ್ಳೇದು.

ಆಫೀಸ್ ಜೊತೆ ಹೋದ್ರೆ ಅದಕ್ಕೆ ಹ್ವೆಶಿಕ್ ಅಂತಾರೆ, ಅದರದ್ದೇ ನಿಯಮಗಳು. ಇಕ್ಕಳ ಸಾಮಾನ್ಯವಾಗಿ ಎಲ್ಲರಿಗಿಂತ ಚಿಕ್ಕವರ ಕೈಗೆ. ಅಲ್ಲಿನ ಮದ್ಯ ಸೋಜು ಬಾಟಲಿ ಬಂದ್ರೆ ನಿಮ್ಮ ಗ್ಲಾಸಿಗೆ ನೀವೇ ಹಾಕ್ಕೊಳಂಗಿಲ್ಲ, ಪಕ್ಕದವರು ಹಾಕ್ತಾರೆ, ದೊಡ್ಡವರು ಹಾಕುವಾಗ ಎರಡು ಕೈಯಲ್ಲಿ ಗ್ಲಾಸ್ ಹಿಡೀಬೇಕು, ಕುಡಿಯುವಾಗ ಮುಖ ಪಕ್ಕಕ್ಕೆ ತಿರುಗಿಸ್ಬೇಕು. ಸೋಜು ಈಗ 16 ಪರ್ಸೆಂಟ್ ಹತ್ರ, ನೀರಿನ ಥರ ಇಳಿಯತ್ತೆ, ಬಿಯರ್‌ಗೆ ಬೆರೆಸಿದ್ರೆ ಸೋಮೆಕ್, ಅದು ಇನ್ನೂ ಅಪಾಯ. ಕುಡಿಯಲ್ಲ ಅಂದ್ರೆ ಈಗೀಗ ಯಾರೂ ಅಷ್ಟು ಬಲವಂತ ಮಾಡಲ್ಲ, ಗ್ಲಾಸಿಗೆ ಸೈಡರ್ ಹಾಕಿಸ್ಕೊಂಡು ಎತ್ತಿ ಹಿಡಿದ್ರೆ ನಡೆಯತ್ತೆ, ಅವರ ಸೈಡರ್ ಅಂದ್ರೆ ನಮ್ಮ ನಿಂಬೆ ಸೋಡಾ ಥರ ಕೂಲ್‌ಡ್ರಿಂಕ್, ಹೆದರಬೇಡಿ.

ಮತ್ತೆ ಆ "ಊಟಕ್ಕೆ ಏನು" ಅನ್ನೋ ಪ್ರಶ್ನೆ. ಉತ್ತರ ಮೂರು ಇದೆ. ಒಂದು ಅನ್ನ, ಕುದಿಕುದಿ ದೊಯೆನ್‌ಜಾಂಗ್ ಚಿಗೆ. ಎರಡು ನೆಂಗ್‌ಮ್ಯೊನ್, ಬಕ್‌ವೀಟ್ ಅನ್ನೋ ಧಾನ್ಯದ ಹಿಟ್ಟಿನ ಶ್ಯಾವಿಗೆ, ಐಸ್ ತೇಲ್ತಾ ಇರೋ ತಣ್ಣನೆ ಸಾರಲ್ಲಿ, ಕೆಂಡದ ಮುಂದೆ ಒಂದೂವರೆ ಗಂಟೆ ಕೂತು ಬೆಂದ ಮುಖಕ್ಕೆ ಅದು ಕೊಡೋ ಸುಖ ಬೇಸಿಗೆಯ ಮಜ್ಜಿಗೆಗೆ ಮಾತ್ರ ಸಮ (ಸಾರು ಮಾತ್ರ ಹೆಚ್ಚಾಗಿ ದನದ ಮಾಂಸದ್ದು, ನೆನಪಿರ್ಲಿ). ಮೂರನೇದು ಕಾವಲಿ ಇದ್ರೆ ಮಾತ್ರ: ಉಳಿದ ನಾಲ್ಕು ಚೂರು ಮಾಂಸ, ಹುರಿದ ಕಿಮ್ಚಿ, ಅಲ್ಲೇ ಅಂಟಿರೋ ಕೊಬ್ಬು, ಅದರ ಮೇಲೆ ಅನ್ನ ಸುರಿದು ಕಲಸಿ ಕಾವಲಿಗೆ ಒತ್ತಿ ಹರಡ್ತಾರೆ, ಮೇಲೆ ಒಣಗಿಸಿದ ಸಮುದ್ರದ ಪಾಚಿ ಪುಡಿ. ತಕ್ಷಣ ಕೈ ಹಾಕಬಾರದು, ತಳ ಹಿಡೀಲಿ ಅಂತ ಎರಡು ನಿಮಿಷ ಬಿಡ್ಬೇಕು. ಆ ಸೀದ ತಳ ಕೆರೆದು ತಿನ್ನೋಕೆ ಎಲ್ರ ಚಮಚನೂ ಒಟ್ಟಿಗೇ ಬರತ್ತೆ, ಆಗ ಮ್ಯಾನೇಜರ್ ಇಲ್ಲ ಟ್ರೈನಿ ಇಲ್ಲ.

ಹೊರಡುವಾಗ ಸ್ಟೂಲಿನ ಮುಚ್ಚಳ ಎತ್ತಿ ಒಳಗಿಟ್ಟ ಬ್ಯಾಗು ಜಾಕೆಟ್ ತಗೊಳೋದು ಮರೀಬೇಡಿ, ಹೌದು, ಎಷ್ಟೋ ಕಡೆ ಸ್ಟೂಲ್ ಒಳಗೆ ಟೊಳ್ಳು, ಹೊಗೆ ವಾಸನೆ ಹಿಡಿಯದೇ ಇರ್ಲಿ ಅಂತ ಬಟ್ಟೆ ಅದರೊಳಗೆ. ತಲೆ ಮೇಲೆ ಆನೆ ಸೊಂಡಿಲಿನ ಥರ ಕೆಳಗೆ ಎಳೆಯೋ ಹೊಗೆ ಪೈಪ್ ಇರತ್ತೆ, ಬಾಗಿಲ ಹತ್ರ ಬಟ್ಟೆಗೆ ಹೊಡ್ಕೊಳೋ ಸ್ಪ್ರೇ ಇರತ್ತೆ, ಪುದೀನ ಪೆಪ್ಪರ್‌ಮಿಂಟು, ಫ್ರೀ ಕಾಫಿ ಮಷೀನು ಇರತ್ತೆ, ಎಲ್ಲಾ ಉಪಯೋಗಿಸಿದ್ರೂ ನನ್ನ ಚಳಿಗಾಲದ ಜಾಕೆಟ್ ಎರಡು ದಿನ ಬಾಲ್ಕನಿಯಲ್ಲೇ ನೇತಾಡತ್ತೆ.